ಪಂಚಮಿ ಉಂಡಿಗೆ ಬಿದ್ದ ಗೆಂಡೆ

ಗಾಳ ಹಿಡಿದು ಕೂತವನನ್ನು ಯಾರೂ ಸುಮ್ಮನೆ ಕೂರಲು ಬಿಡುವುದಿಲ್ಲ. ಊರಲ್ಲಿ ಜಾತಿ ಕೇಳುತ್ತಾರೆ, ಜರ್ಮನಿಯಲ್ಲಿ ಲೈಸೆನ್ಸ್ ಕೇಳುತ್ತಾರೆ. ಕಂಪ್ಯೂಟರ್ ಕೆಲಸದವರಿಗೆ ಜರ್ಮನಿ ಕೊಡುತ್ತಿದ್ದ ಗ್ರೀನ್ ಕಾರ್ಡ್ ಮೇಲೆ ಇಂಗೋಲ್‌ಸ್ಟಾಟ್‌ಗೆ ಬಂದ ನನಗೆ ಒಂದೇ ವರ್ಷದಲ್ಲಿ ಎರಡೂ ಆದವು.

ಪರೀಕ್ಷೆ

ನಾವು ಘಟಪ್ರಭಾ ದಂಡೆಯ ಅಂಬಿಗರು. ನಾನು ಕಾಲೇಜು ಮುಗಿಸಲಿಲ್ಲ. ಪುಸ್ತಕ ಓದಿಯೇ ಪ್ರೋಗ್ರಾಮಿಂಗ್ ಕಲಿತೆ, ಓದಿಯೇ ಜಗಳ ಮಾಡುವುದನ್ನೂ ಕಲಿತೆ. ಗ್ರೀನ್ ಕಾರ್ಡ್ ಕೊಡುವಾಗ ಈ ಸರ್ಕಾರ ನನಗೆ ಪರೀಕ್ಷೆ ಇಡಲಿಲ್ಲ. ಗಾಳ ಹಾಕುತ್ತೇನೆ ಎಂದಾಗ ಮಾತ್ರ ಕೋರ್ಸು, ಪರೀಕ್ಷೆ ಎರಡನ್ನೂ ಇಟ್ಟಿತು.

ಕೋರ್ಸಿನಲ್ಲಿ ಮುದುಕ ಮೇಷ್ಟ್ರು ನನ್ನನ್ನೇ ಎಬ್ಬಿಸಿ ಕೇಳಿದರು: "ಮೀನು ದಡಕ್ಕೆ ಬಂತು. ಈಗ ಏನು ಮಾಡುತ್ತೀರಿ?"

ನಾನು ಕಾಯುತ್ತಿದ್ದದ್ದೇ ಅದಕ್ಕೆ. ಹೊಳೆ ಯಾರಪ್ಪನ ಸೊತ್ತೂ ಅಲ್ಲ, ಮೀನು ಹಿಡಿಯುವುದು ನಮ್ಮ ಹಕ್ಕು, ನಮ್ಮಜ್ಜನನ್ನು ಯಾರೂ ಪರೀಕ್ಷೆಗೆ ಕೂರಿಸಿರಲಿಲ್ಲ ಎಂದು ಹರಕು ಜರ್ಮನ್‌ನಲ್ಲಿ ಭಾಷಣ ಬಿಗಿದೆ. ಮೇಷ್ಟ್ರು ಪೂರ್ತಿ ಕೇಳಿಸಿಕೊಂಡರು.

"ಎಲ್ಲ ಸರಿ. ಆದರೆ ಮೀನು ಇನ್ನೂ ಒದ್ದಾಡುತ್ತಿದೆ. ಮೊದಲು ತಲೆಗೆ ಒಂದು ಏಟು ಹಾಕಿ ಎಚ್ಚರ ತಪ್ಪಿಸಿ. ಭಾಷಣ ಆಮೇಲೆ."

ಯುಗಾದಿ

ಲೈಸೆನ್ಸ್ ಬಂದ ಮೇಲೆ ಹಿಡಿದ ಮೊದಲ ಮೀನುಗಳು ಅಂಗೈಯಷ್ಟಿದ್ದವು. ಹುರಿದು ಕನ್ನಡ ಸಂಘದ ಯುಗಾದಿ ಊಟಕ್ಕೆ ಒಯ್ದೆ. ಪ್ರತಿ ಮನೆಯವರೂ ಒಂದೊಂದು ಅಡುಗೆ ತಂದು ಒಂದೇ ಮೇಜಿನ ಮೇಲಿಡುವುದು ಸಂಘದ ಪದ್ಧತಿ. ಅಧ್ಯಕ್ಷರು ಬೆಳಗಾವಿ ಕಡೆಯ ಹಿರಿಯ ಎಂಜಿನಿಯರ್. ಬಾಗಿಲಲ್ಲೇ ಡಬ್ಬಿಯ ಮುಚ್ಚಳ ಎತ್ತಿ ನೋಡಿದರು.

"ನನಗೇನೂ ಇಲ್ಲಪಾ. ಆದ್ರ ಹೆಣ್ಮಕ್ಕಳಿಗೆ ಈ ವಾಸನಿ ಆಗಿಬರೂದಿಲ್ಲ. ತಪ್ಪು ತಿಳೀಬ್ಯಾಡ."

ನಾನು ತಪ್ಪೇ ತಿಳಿದೆ. ಕಾರಿನಲ್ಲಿ ಕೂತು ಒಬ್ಬನೇ ತಿಂದೆ. ನನ್ನ ರೂಮ್‌ಮೇಟ್, ಧಾರವಾಡದವನು, ಅಪ್ಪಟ ಸಸ್ಯಾಹಾರಿ, ಸಮಾಧಾನ ಮಾಡಲು ಹೋಳಿಗೆ ಹಿಡಿದು ಬಂದ.

"ರಾಜ್ಯೋತ್ಸವಕ್ಕ ಈ ಹೊಳಿಯಾಗಿನ ಎಲ್ಲಾಕ್ಕಿಂತ ದೊಡ್ಡ ಮೀನ ತರ್ತೀನಿ. ಅದs ಮೇಜಿನ ಮ್ಯಾಲೆ ಇಡ್ತೀನಿ, ನೋಡ್ಕೊಂತಿರು" ಎಂದೆ.

"ಸಣ್ಣದು ತಂದ್ರನs ಕಾರಿಗೆ ಕಳಿಸ್ಯಾರ. ದೊಡ್ಡದು ತಂದ್ರ ಊರಿಗೇ ಕಳಿಸ್ತಾರಲೇ!"

ಪಂಚಮಿ

ಇಲ್ಲಿಯ ಬೇಸಿಗೆಯೆಲ್ಲ ಊರ ಪಕ್ಕದ ಡ್ಯಾನ್ಯೂಬ್ ಹೊಳೆಯ ಹಳೇ ಕವಲಿನ ಪಕ್ಕ ಕೂತೆ. ಎರೆಹುಳು ಹಾಕಿದೆ, ಗೋವಿನಜೋಳ ಹಾಕಿದೆ. ಚಿಳ್ಳೆಪಿಳ್ಳೆ ಮೀನು ತಿಂದು ಹೋದವು. ದೊಡ್ಡ ಗೆಂಡೆ ಮೀನುಗಳು ಆಳದಿಂದ ಗುಳ್ಳೆ ಬಿಟ್ಟು ನನ್ನನ್ನು ಅಣಕಿಸಿದವು.

ಅಷ್ಟರಲ್ಲಿ ರೂಮ್‌ಮೇಟ್‌ಗೆ ಅವನ ಅವ್ವ ನಾಗರಪಂಚಮಿಗೆ ಮಾಡಿ ಕಳಿಸಿದ ಉಂಡಿಯ ಪಾರ್ಸೆಲ್ ಬಂತು. ದಾರಿಯಲ್ಲಿ ಒಣಗಿ ಕಲ್ಲಾಗಿದ್ದವು. ಅವನು ಒಂದು ಕಚ್ಚಿ, ದವಡೆ ಹಿಡಿದುಕೊಂಡು ಡಬ್ಬಿ ಮುಚ್ಚಿಟ್ಟ. ನಾನು ಕೆಲವನ್ನು ಕದ್ದು, ಕುಟ್ಟಿ, ನೀರು ಹಾಕಿ ನಾದಿ ಗಾಳಕ್ಕೆ ಮೆತ್ತಿದೆ. ಬೆಲ್ಲ, ತುಪ್ಪ, ಏಲಕ್ಕಿಯ ವಾಸನೆಗೆ ಹೊಳೆಯೇ ಎಚ್ಚೆತ್ತಿತು. ಮೊಳದುದ್ದದ ಮೀನುಗಳು ಮುಗಿಬಿದ್ದವು.

ರೂಮ್‌ಮೇಟ್ ಗೊತ್ತಾದೊಡನೆ ಕೂಗಾಡಿದ: "ನಮ್ಮವ್ವ ಮಡೀಲೆ ಮಾಡಿದ್ದು! ಹುಳಾ ಚುಚ್ಚೋ ಕೊಂಡಿಗೆ ಚುಚ್ಚೀಯಲ್ಲೋ!" ಆಗಲೇ ಫೋನ್ ಬಂತು. ಉಂಡಿ ಹೇಗಿದ್ದವೆಂದು ಅವ್ವ ಕೇಳಿರಬೇಕು. ಅವನು ನನ್ನನ್ನೇ ದುರುಗುಟ್ಟಿ ನೋಡುತ್ತ ಹೇಳಿದ:

"ಭಾಳ ಛಲೋ ಇದ್ವು ಅವ್ವಾ. ಎಲ್ಲಾರೂ ಮ್ಯಾಲೆ ಬಿದ್ದು ತಿಂದ್ರು."

ಎಲೆ ಉದುರುವಾಗ

ಅಕ್ಟೋಬರ್‌ನಲ್ಲಿ, ಕೊನೆಯ ಉಂಡಿಗೆ, ಅದು ಬಂತು. ಎರಡೂ ಕೈಯಲ್ಲಿ ತಬ್ಬಿ ಎತ್ತಬೇಕಾದ ಗೆಂಡೆ. ಹಳೇ ಹಿತ್ತಾಳೆಯ ಬಣ್ಣ. ತುಟಿಯ ಮೇಲೆ ಹಿಂದೆ ಯಾರದೋ ಗಾಳದಿಂದ ತಪ್ಪಿಸಿಕೊಂಡ ಗಾಯದ ಗುರುತು. ಅದರ ಕಣ್ಣು ನೋಡಿ ನನ್ನ ಸಿಟ್ಟೆಲ್ಲ ಇಳಿಯಿತು. ಬಿಟ್ಟುಬಿಡೋಣ ಅನ್ನಿಸಿ ನೀರಿನ ಕಡೆ ಬಾಗಿದೆ.

"ನಿಲ್ಲಿ!" ಹೊಳೆ ಕಾಯುವ ಗಾರ್ಡ್ ಹಿಂದೆಯೇ ನಿಂತಿದ್ದ. "ನಮ್ಮ ಕಾನೂನಿನಲ್ಲಿ ಹಿಡಿದದ್ದನ್ನು ಬಿಡುವ ಹಾಗಿಲ್ಲ. ತಿನ್ನುವುದಿಲ್ಲ ಎಂದರೆ ಹಿಡಿದದ್ದೇಕೆ? ಬರೀ ಫೋಟೋಕ್ಕೆ ಅದರ ಬಾಯಿ ಹರಿದಿರಾ?"

ಭಾಷಣ ಆಮೇಲೆ ಎಂದುಕೊಂಡೆ. ಮೇಷ್ಟ್ರು ಕಲಿಸಿದಂತೆ ಒಂದೇ ಏಟು ಹಾಕಿದೆ. ಗಾರ್ಡ್ ಟೋಪಿ ತೆಗೆದ. ಆಮೇಲೆ ಅವನೇ ಕೆಳದನಿಯಲ್ಲಿ ಕೇಳಿದ, "ಏನು ಹಾಕಿದ್ದಿರಿ?"

"ಧಾರವಾಡದ ಒಬ್ಬ ತಾಯಿ ಮಾಡಿದ ಉಂಡಿ."

ಅವನು ಅತ್ತಿತ್ತ ನೋಡಿದ. "ಆಕೆ ಹೊರಗಿನವರ ಆರ್ಡರ್ ತಗೊಳ್ಳುತ್ತಾರಾ?"

ರಾಜ್ಯೋತ್ಸವ

ಬೋಗುಣಿ ತುಂಬ ಹುಣಸೆಹುಳಿ ಹಾಕಿದ ಆ ಗೆಂಡೆಯ ಸಾರು. ಒಂದು ಕಡೆ ನಾನು, ಇನ್ನೊಂದು ಕಡೆ ಮೂಗಿಗೆ ಮಫ್ಲರ್ ಸುತ್ತಿಕೊಂಡ ರೂಮ್‌ಮೇಟ್. ಹಾಲ್ ಬಾಗಿಲಲ್ಲಿ ಅಧ್ಯಕ್ಷರು ಮತ್ತೆ ಅಡ್ಡ ನಿಂತರು.

"ಮೇಜಿನ ಮ್ಯಾಲೆ ಬ್ಯಾಡ. ಹೊರಗ ಮೆಟ್ಟಿಲ ಮ್ಯಾಲೆ ಇಡು. ಬೇಕಾದವ್ರು ಬರ್ತಾರ."

"ಕನ್ನಡ ಒಳಗ, ಕನ್ನಡದ ಮೀನ ಹೊರಗೇನ್ರಿ?" ಎಂದೆ. ಅವರು ಗಡಿಯಾರ ನೋಡಿ ಒಳಗೆ ಹೋದರು. ಅವರ ಭಾಷಣಕ್ಕೆ ಹೊತ್ತಾಗಿತ್ತು.

ನವೆಂಬರ್ ಚಳಿ ಹಲ್ಲು ಕಟಕಟಿಸುವಂತಿತ್ತು. ಹೊಳೆದಂಡೆಗೆ ಒಯ್ಯುವ ಪುಟ್ಟ ಗ್ಯಾಸ್ ಒಲೆ ಹಚ್ಚಿ ಬೋಗುಣಿ ಇಟ್ಟೆ. ಸಾರು ಕುದಿಯಿತು. ವಾಸನೆ ಕಿಟಕಿಯ ಸಂದಿಯಿಂದ ಒಳಗೆ ಹೋಯಿತು. ಮೊದಲು ಹೊರಬಂದವರು ಅಧ್ಯಕ್ಷರ ಹೆಂಡತಿ, ಕೈಯಲ್ಲಿ ತಾಟು.

"ಹೆಣ್ಮಕ್ಕಳಿಗೆ ವಾಸನಿ ಆಗಿಬರೂದಿಲ್ಲಂತಲ್ಲ ವೈನಿ?"

"ಅದನ್ನ ನೋಡಾಕs ಬಂದೇನಿ. ದೂರದಿಂದ ತಿಳೀವಲ್ದು. ಎರಡ ತುಂಡು ಹಾಕು."

ಆಮೇಲೆ ಬೆಂಗಳೂರಿನ ಹುಡುಗನೊಬ್ಬ ಫೋನ್ ಕಿವಿಗಿಟ್ಟುಕೊಂಡು ಬಂದ. "ಗುರು, ಒಳಗೆ ಸಿಗ್ನಲ್ ಇಲ್ಲ" ಎನ್ನುತ್ತಲೇ ತಟ್ಟೆ ಒಡ್ಡಿದ. ಒಬ್ಬರಿಗೆ ಕಾರ್ ಲಾಕ್ ಮಾಡಿದ್ದು ಅನುಮಾನ, ಇನ್ನೊಬ್ಬರಿಗೆ ತಲೆನೋವು. ಒಳಗಿನಿಂದ ಅಧ್ಯಕ್ಷರ ದನಿ ಮಾತ್ರ ಕೇಳುತ್ತಿತ್ತು: "ಕನ್ನಡಿಗರೆಲ್ಲ ಒಂದಾಗಬೇಕು!" ಚಪ್ಪಾಳೆ ಬಿತ್ತು. ಒಬ್ಬರದೇ. ಮೀನು ತಿನ್ನದ ನನ್ನ ರೂಮ್‌ಮೇಟ್ ಒಬ್ಬನೇ ಒಳಗಿದ್ದ.

ಬಾಗಿಲು ತೆರೆಯಿತು. ಅಧ್ಯಕ್ಷರು. ಮೆಟ್ಟಿಲ ತುಂಬ ತಟ್ಟೆ ಹಿಡಿದ ಕನ್ನಡಿಗರೆಲ್ಲ ಒಂದಾಗಿದ್ದರು. ಯಾರೂ ಅಗಿಯಲಿಲ್ಲ. ಅವರು ಹೆಂಡತಿಯನ್ನು ನೋಡಿದರು, ನನ್ನನ್ನು ನೋಡಿದರು, ಕೊನೆಗೆ ಬೋಗುಣಿಯೊಳಗೆ ಬಗ್ಗಿ ನೋಡಿದರು.

"ಖಾಲಿ ಆತೇನು?"

"ತಲಿ ಉಳದೈತ್ರಿ. ನಮ್ಮಲ್ಲಿ ಅದು ಹಿರ್ಯಾರಿಗೆ."

ಅವರು ಶಾಲು ಬಿಗಿಯಾಗಿ ಹೊದ್ದುಕೊಂಡು, ಬಹಳ ಗಂಭೀರವಾಗಿ ಬಾಗಿಲ ಪಕ್ಕಕ್ಕೆ ಸರಿದರು.

"ಹಂಗಾರ ಒಳಗ ತಂದು ಮೇಜಿನ ಮ್ಯಾಲೆ ಇಡಪಾ. ಈ ಚಳ್ಯಾಗ ಹಿರ್ಯಾರು ಹೊರಗ ನಿಂತು ತಿನ್ನೂದೇನು?"