ಡ್ಯಾನ್ಯೂಬ್ ನದಿಯಿಂದ ಮೇಡ್ಲೇರಿ ತೊಟ್ಟಿಲಿಗೆ

ಚಿಂತೆ ಮಾಡುವುದರಲ್ಲಿ ನನಗೆ ಒಳ್ಳೆಯ ಕೈಗುಣವಿದೆ. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ನೋಡಲು ಬಸ್‌ಸ್ಟ್ಯಾಂಡಿನಿಂದ ಮನೆಗೆ ಓಡಿ ಬಂದವನು ನಾನು. ಬಂದು ನೋಡಿದರೆ ಗ್ಯಾಸ್ ಆರಿತ್ತು; ಬಾಗಿಲಿಗೆ ಬೀಗವನ್ನೇ ಹಾಕಿರಲಿಲ್ಲ. ನನ್ನ ಚಿಂತೆಗಳ ಗುಣವೇ ಅಂಥದು. ಹಗಲಿರುಳು ಕಾವಲು ಕಾಯುತ್ತವೆ, ಆದರೆ ಬೇರೆ ಬಾಗಿಲಲ್ಲಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮೇಡ್ಲೇರಿಯಲ್ಲಿ ಆದ ಗದ್ದಲಕ್ಕೆ ನನ್ನ ನಿರ್ಲಕ್ಷ್ಯ ಕಾರಣವೆಂದು ಯಾರೂ ತಿಳಿಯಬಾರದು. ಅದಕ್ಕಾಗಿ ನಾನು ಸಾಕಷ್ಟು ಚಿಂತೆ ಮಾಡಿದ್ದೆ.

ಹಾವೇರಿಯ ಕಚೇರಿಯಲ್ಲಿ ಕೂತು ಕೂತು ನನ್ನ ರಕ್ತದೊತ್ತಡ ಏರಿತು. ಡಾಕ್ಟರು, ಬೆಳಿಗ್ಗೆ ನಡೆಯಿರಿ ಎಂದರು. ಬರಿಗಿವಿಯಲ್ಲಿ ನಡೆದರೆ ಚಿಂತೆಗಳೂ ಜೊತೆಗೆ ನಡೆಯುತ್ತವೆ, ಅದೂ ನನಗಿಂತ ನಾಲ್ಕು ಹೆಜ್ಜೆ ಮುಂದೆ. ಅದಕ್ಕೆ ಮೊಬೈಲಿನಲ್ಲಿ ಉಪನ್ಯಾಸ ಹಾಕಿ ಕಿವಿಗೆ ಸಿಕ್ಕಿಸಿಕೊಳ್ಳತೊಡಗಿದೆ. ಹಾಗೆ ಒಂದು ದಿನ ಒಬ್ಬ ಪ್ರಾಧ್ಯಾಪಕರು ಕಿವಿಗೆ ಬಿದ್ದರು. ಸಂಸ್ಕೃತ, ಗ್ರೀಕ್, ಲ್ಯಾಟಿನ್, ಪರ್ಶಿಯನ್, ರಷ್ಯನ್, ಇಂಗ್ಲಿಷ್ ಎಲ್ಲ ಒಬ್ಬಳೇ ತಾಯಿಯ ಮಕ್ಕಳಂತೆ. ಸಾವಿರಾರು ವರ್ಷಗಳ ಹಿಂದೆ ಎಲ್ಲೋ ಹುಲ್ಲುಗಾವಲಿನಲ್ಲಿ ಕುದುರೆ ಕಟ್ಟಿಕೊಂಡು ಇದ್ದ ಜನ ಚೆದುರಿ ಹೋದರಂತೆ, ಮಾತೃ ಅಲ್ಲಿ ಮದರ್ ಆದಳಂತೆ, ಭ್ರಾತೃ ಬ್ರದರ್ ಆದನಂತೆ. ಆಯುಧ ಹಿಡಿದು ಸರ್ಪವನ್ನು ಕೊಲ್ಲುವ ಗುಡುಗಿನ ದೇವರು ಊರೂರಿಗೆ ಹೆಸರು ಬದಲಿಸಿಕೊಂಡು ಅದೇ ಕೆಲಸ ಮಾಡುತ್ತಾನಂತೆ. ವರ್ಗಾವಣೆಯಾದ ನೌಕರನ ಹಾಗೆ: ಕುರ್ಚಿ ಬೇರೆ, ಫೈಲು ಅದೇ. ನನಗೆ ರೋಮಾಂಚನವಾಯಿತು. ಇಷ್ಟು ದೊಡ್ಡ ಮನೆತನ ಇಟ್ಟುಕೊಂಡು ನಾನು ಹಾವೇರಿಯಲ್ಲಿ ಬಾಡಿಗೆ ಮನೆಯಲ್ಲಿದ್ದೆ!

ಹೊಸ ನೆಂಟಸ್ತಿಕೆ ಗೊತ್ತಾದ ಮೇಲೆ ಸುಮ್ಮನಿರಲು ಆಗುತ್ತದೆಯೇ? ರಾಣೆಬೆನ್ನೂರಿನ ಹಲ್ಲಿನ ಡಾಕ್ಟರ ಹತ್ತಿರ ಹೋದಾಗ, "ಡಾಕ್ಟ್ರ, ನಿಮ್ಮ ಬೋರ್ಡಿನ್ಯಾಗಿನ ಡೆಂಟಲ್ಲೂ ನಮ್ಮ ದಂತವೂ ಒಂದ ಬಳ್ಳಿ ಕಾಯಿ, ಗೊತ್ತೈತೇನ್ರಿ?" ಎಂದೆ.

"ಹೌದೇನ್ರಿ? ಬಾಯಿ ತೆಗೀರಿ" ಎಂದರು ಅವರು. "ಇನ್ನೂ ತೆಗೀರಿ. ಅಷ್ಟ ದೊಡ್ಡ ಮನಿತನ ಅಂತೀರಿ, ಬಾಯಿ ಇಷ್ಟ ಸಣ್ಣದ ತೆಗೀತೀರಲ್ಲ!"

ಕೀಳುವತನಕ ಅದು ದಂತವಾಗಿತ್ತು. ಕಿತ್ತ ಕ್ಷಣದಲ್ಲಿ ಹಲ್ಲಾಯಿತು. ಸಂಸ್ಕೃತದಲ್ಲಿ ಚೀರಲು ನನಗೆ ಬರಲಿಲ್ಲ, "ಯವ್ವಾ!" ಎಂದೆ. ಆ ಕೂಗಿನಿಂದಲೇ ಹೊಸ ಚಿಂತೆ ಹುಟ್ಟಿತು. ಅವ್ವ, ಅಪ್ಪ, ಹಲ್ಲು, ಬೆಂಕಿ, ನೀರು, ಇವು ಯಾವುವೂ ಆ ಮನೆತನದವಲ್ಲ. ಕನ್ನಡದ ಮನೆಯೇ ಬೇರೆ, ಬೇರೇ ಬೇರೆ. ಮದುವೆ ಮಂಟಪದಲ್ಲಿ ಮೊದಲ ಪಂಕ್ತಿಗೆ ಕೂತು ಪಲ್ಯ ಕಲಸಿದ ಮೇಲೆ, ಇದು ನಮಗೆ ಕರೆ ಬಂದ ಮದುವೆಯಲ್ಲ ಎಂದು ತಿಳಿದವನ ಹಾಗಾಯಿತು ನನಗೆ.

ಬ್ಯಾಡಗಿಯಿಂದ ದಿನಾ ರೈಲಿನಲ್ಲಿ ಓಡಾಡುವ ನಮ್ಮ ಕಚೇರಿಯ ವಿರೂಪಾಕ್ಷಪ್ಪನವರು ನನ್ನ ಮುಖ ನೋಡಿ ಕಾರಣ ಕೇಳಿದರು. ಹೇಳಿದೆ.

"ಇದಕ್ಯಾಕ ಮಾರಿ ಸಣ್ಣದ ಮಾಡೀರಿ?" ಎಂದರು. "ರಕ್ತಸಂಬಂಧ ಇಲ್ಲಂದ್ರ ಬೀಗತನ ಐತಿ ತಗೋರಿ. ಕೊಟ್ಟು ತಗೊಂಡು ಮಾಡಿದ್ದು. ನಮ್ಮ ಮೆಣಸಿನಕಾಯಿ ಎಲ್ಲಿಂದು? ಸಮುದ್ರದ ಆಚಿಂದ ಬಂದದ್ದು. ಈಗ ನೋಡ್ರಿ, ನಮ್ಮೂರ ಹೆಸರ ಇಟಗೊಂಡು ಊರಿಗೇ ಹೆಸರ ತರಾಕತ್ತೈತಿ."

ಬೀಗತನ! ಆ ಮಾತು ನನಗೆ ಬಹಳ ಹಿಡಿಸಿತು. ಅಷ್ಟರಲ್ಲಿ ಬೀಗರ ಮನೆಯಿಂದಲೇ ಕರೆ ಬಂತು.

ನನ್ನ ಹೆಂಡತಿ ಗಿರಿಜೆಯ ತವರು ತುಂಗಭದ್ರೆಯ ದಂಡೆಯ ಮೇಡ್ಲೇರಿ. ಅವಳಿಗೆ ಒಬ್ಬನೇ ತಮ್ಮ, ಬಸವರಾಜ. ಮದುವೆಯಾಗಿ ಎಷ್ಟೋ ವರ್ಷ ಮಕ್ಕಳಿಲ್ಲದೆ, ಹರಕೆ ಹೊತ್ತು ಆಸ್ಪತ್ರೆ ಸುತ್ತಿ, ಕೊನೆಗೆ ಒಂದು ಹೆಣ್ಣು ಕೂಸು ಹುಟ್ಟಿತ್ತು. ನಮ್ಮ ಕಡೆ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಬಗ್ಗಿ, ಅದರ ಕಿವಿಯಲ್ಲಿ "ಕುರ್ರ್" ಎಂದು ಹೆಸರು ಕೂಗಬೇಕು. ಆಗ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಯಾಕೆ ಗುದ್ದಬೇಕೆಂದು ಯಾರಿಗೂ ಗೊತ್ತಿಲ್ಲ, ಗುದ್ದುವ ಅವಕಾಶ ಬಿಡಬಾರದೆಂದು ಮಾತ್ರ ಎಲ್ಲರಿಗೂ ಗೊತ್ತು. ಗಿರಿಜೆ ಈ ಗುದ್ದಿಗಾಗಿ ಎಷ್ಟೋ ವರ್ಷ ಕಾದಿದ್ದಳು. ಊರಿನಲ್ಲಿ ಯಾರ ಮನೆಯ ತೊಟ್ಟಿಲಿಗೆ ಹೋದರೂ, ಬೇರೆಯವರ ಬೆನ್ನಿಗೆ ಗುದ್ದಿ ಬರುವಾಗ ಅವಳ ಕಣ್ಣು ಒದ್ದೆಯಾಗುತ್ತಿದ್ದುದನ್ನು ನಾನು ಬಲ್ಲೆ.

"ಕೂಗೋದು ನಾನ. ಆದ್ರ ಚೊಲೋ ಹೆಸರ ಒಂದ ಹುಡುಕಿ ಕೊಡ್ರಿ" ಎಂದಳು. "ತವರಮನ್ಯಾಗ ಮತ್ತ ನನಗ ಇಂಥಾ ದಿನ ಬರೂದಿಲ್ಲ. ನಗೆಪಾಟಲ ಮಾತ್ರ ಮಾಡಬ್ಯಾಡ್ರಿ."

ನಾನು ಪಣ ತೊಟ್ಟೆ. ಬೆಳಗಿನ ನಡಿಗೆಯಲ್ಲಿ ಪ್ರಾಧ್ಯಾಪಕರನ್ನು ಹಿಂದೆ ಮುಂದೆ ತಿರುಗಿಸಿ ಕೇಳಿದೆ. ಕೊನೆಗೆ ಸಿಕ್ಕಿತು: ದಾನು. ವೇದದಲ್ಲಿ ಅವಳು ನೀರಿನ ತಾಯಿ. ಅದೇ ಮಾತು ಹರಿಯುತ್ತ ಹೋಗಿ ಯುರೋಪಿನಲ್ಲಿ ಡ್ಯಾನ್ಯೂಬ್ ನದಿಯಾಯಿತು, ಡಾನ್ ಆಯಿತು, ಡ್ನೀಪರ್ ಆಯಿತು. ಹೊಳೆದಂಡೆಯ ಕೂಸಿಗೆ ಇದಕ್ಕಿಂತ ಒಪ್ಪುವ ಹೆಸರು ಇನ್ನೊಂದಿದೆಯೇ? ಆದರೆ ನಾನು ಚಿಂತೆ ಮಾಡದೆ ಯಾವುದನ್ನೂ ಒಪ್ಪುವವನಲ್ಲ. ದಾನು ಎಂದರೆ ಜನ ದಾನ ಎಂದು ಕೇಳಿಸಿಕೊಂಡಾರು. ಹೆಸರಿಟ್ಟ ದಿನವೇ ಹೆಣ್ಣುಮಗುವನ್ನು ದಾನ ಕೊಟ್ಟ ಹಾಗಾದೀತು. ಹಾಗಾಗಿ ಪುರಾಣದಲ್ಲಿರುವ ಹಾಗೆ ದಾ ಅಕ್ಷರದ ಇಳಿ ತೆಗೆದು ದನು ಮಾಡಿದೆ. ದನು ದಾನವರ ತಾಯಿ ಎಂಬುದೂ ಗೊತ್ತಾಯಿತು. ಅದಕ್ಕೂ ಒಂದು ವಾರ ಚಿಂತೆ ಮಾಡಿ, ಮಕ್ಕಳು ಕೆಟ್ಟರೆ ತಾಯಿ ಏನು ಮಾಡಿಯಾಳು ಎಂದು ಅವಳನ್ನು ಕ್ಷಮಿಸಿದೆ. ಇನ್ನು ಯಾವ ದಿಕ್ಕಿನಿಂದಲೂ ಅಪಾಯವಿಲ್ಲವೆಂದು ಖಾತ್ರಿಯಾಯಿತು.

ಹೆಸರು ಮೊದಲೇ ಬಯಲಾದರೆ ಯಾರಾದರೂ ಅಡ್ಡಬಾಯಿ ಹಾಕಿಯಾರೆಂದು ಗಿರಿಜೆಗೂ ಹೇಳಿರಲಿಲ್ಲ. ರಾಣೆಬೆನ್ನೂರು ದಾಟಿದ ಮೇಲೆ, ಬಸ್ಸಿನ ಸದ್ದಿನಲ್ಲಿ ಅವಳ ಕಿವಿಯ ಹತ್ತಿರ ಹೇಳಿದೆ.

"ಕೇಳಾಕ ಒಂಥರಾ ಐತಲ್ರಿ?" ಎಂದಳು.

ನಾನು ಡ್ಯಾನ್ಯೂಬಿನಿಂದ ಶುರು ಮಾಡಿ ಹುಲ್ಲುಗಾವಲಿನವರೆಗೆ ಹೋಗಿ ಬಂದೆ. ಅವಳು ಕಿಟಕಿಯ ಹೊರಗೆ ನೋಡುತ್ತ, "ಮದುವಿ ಆದಾಗಿಂದ ನೀವು ಒಂದ ಮಾತಿಗೆ ಇಷ್ಟ ಗಟ್ಟಿ ನಿಂತದ್ದ ನಾ ನೋಡಿಲ್ಲ. ಅದಕ್ಕ ಹೂಂ ಅಂತೇನಿ" ಎಂದಳು. ನನ್ನ ಎದೆ ಉಬ್ಬಿತು. ಇದ್ದ ಒಂದೇ ಚಿಂತೆಯೆಂದರೆ, ಗುದ್ದು ಜೋರಾಗಿ ಬಿದ್ದು ಅವಳ ಬೆನ್ನು ಉಳುಕೀತೆಂಬುದು.

ತೊಟ್ಟಿಲಿಗೆ ಹೂವು ಕಟ್ಟಿದ್ದರು. ಓಣಿಯ ಹೆಂಗಸರೆಲ್ಲ ಸೇರಿದ್ದರು. ನಾನು ಗಂಡಸರ ಪಂಕ್ತಿಯಲ್ಲಿ ಎಲೆಯ ಮುಂದೆ ಕೂತು ಒಳಕ್ಕೆ ಕಿವಿ ಕೊಟ್ಟಿದ್ದೆ. ಗಿರಿಜೆ ಬಗ್ಗಿದಳು. ಮೂರು ಸಲ "ಕುರ್ರ್" ಎಂದಳು. "ದ..." ಎಂದಳು. ಅಷ್ಟರಲ್ಲಿ ಇಷ್ಟು ವರ್ಷಗಳ ಬಾಕಿ ಗುದ್ದುಗಳೆಲ್ಲ ಒಟ್ಟಿಗೆ ಬಿದ್ದವು. ಕಿವಿಯಲ್ಲಿ ಪಿಸುಗುಡಬೇಕಾಗಿದ್ದ ಹೆಸರು ಹಂಚು ಹಾರುವ ಹಾಗೆ ಹೊರಬಂತು:

"ದನಾ!"

ಹಿತ್ತಲಿಗೆ ಅಂಟಿಕೊಂಡೇ ತೆನೆ ಹಿಡಿದು ನಿಂತ ಗೋವಿನಜೋಳ ಇರುವ ಊರಿನಲ್ಲಿ ಆ ಕೂಗಿಗೆ ಇರುವುದು ಒಂದೇ ಅರ್ಥ. ನಮ್ಮ ಅತ್ತೆಯವರು ಆರತಿ ತಟ್ಟೆ ಕೆಳಗಿಟ್ಟು, "ಯಾರ ದನಾನ? ಹಿತ್ತಲ ಬಾಗಲಾ ತೆಗದಿಟ್ಟೋರ ಯಾರ?" ಎಂದು ಓಡಿದರು. ಬಸವರಾಜ ಜರಿ ಧೋತರ ಎತ್ತಿ ಕಟ್ಟಿ, ಬಡಿಗೆ ಹಿಡಿದು ಹಾರಿದ. "ಈ ಕಡಿಂದ ಅಡ್ಡ ಹಾಕ್ರಿ!" ಎಂದು ಯಾರೋ ಕೂಗಿದರು. ಪಂಕ್ತಿಗೆ ಪಂಕ್ತಿಯೇ ಎದ್ದಿತು. ಇನ್ನೊಂದು ನಿಜವನ್ನೂ ಮುಚ್ಚಿಡಬಾರದು: ನಾನೂ ಓಡಿದೆ. ಎಡಗೈಯಲ್ಲಿ ಪಂಚೆ ಹಿಡಿದು, "ಹೋ! ಹೋ!" ಎನ್ನುತ್ತ ಹೊಲದ ಅರ್ಧ ದಾಟಿದ ಮೇಲೆ, ನಾನು ಅಟ್ಟುತ್ತಿರುವುದು ಡ್ಯಾನ್ಯೂಬ್ ನದಿಯನ್ನು ಎಂದು ಹೊಳೆಯಿತು.

ದನ ಎಲ್ಲೂ ಇರಲಿಲ್ಲ. ಎಲ್ಲರೂ ಕಾಲಿಗೆ ಕೆಸರು ಮಾಡಿಕೊಂಡು ವಾಪಸು ಬಂದರು. ಅತ್ತೆಯವರು ಏದುಸಿರು ಬಿಡುತ್ತ, "ಕೂಗಿದ್ದ ಯಾರ?" ಎಂದರು. ಇಡೀ ಮನೆ ಗಿರಿಜೆಯ ಕಡೆ ನೋಡಿತು. ಅವಳು ಒಂದು ಗಳಿಗೆ ನನ್ನ ಕಡೆ ನೋಡಿದಳು. ಎಷ್ಟೋ ವರ್ಷ ಕಾದ ಅವಳ ದಿನವನ್ನು ನಾನು ಹೊಲಕ್ಕೆ ಅಟ್ಟಿಬಿಟ್ಟಿದ್ದೆ. ಭೂಮಿ ಬಾಯಿ ಬಿಡಲಿ ಎಂದುಕೊಂಡೆ. ಅದೂ ಡೆಂಟಲ್ ಡಾಕ್ಟರು ಹೇಳಿದಷ್ಟು ದೊಡ್ಡದಾಗಿ.

ಗಿರಿಜೆ ಸೆರಗು ಸರಿಮಾಡಿಕೊಂಡಳು. "ನಿಮಗೆಲ್ಲಾ ಕಿವಿಗೆ ಏನಾಗೈತಿ? ಧನ್ಯಾ ಅಂದೆ ನಾನು. ಧ-ನ್ಯಾ. ಹಂಗ ಗುದ್ದಿದ್ರ ಅರ್ಧ ಹೆಸರ ಹೊಟ್ಟ್ಯಾಗ ಉಳೀದ ಏನಾಗತೈತಿ? ಯಾವಾಕಿ ಅದು, ಎಡಕ್ಕ ನಿಂತಾಕಿ? ನಿನ್ನ ಮನ್ಯಾಗ ತೊಟ್ಟಿಲಾ ಕಟ್ಟಲಿ, ತೋರಿಸ್ತೇನಿ!"

ಮನೆಯೆಲ್ಲ ನಕ್ಕಿತು, ಅವಳ ಮೇಲಲ್ಲ, ಎಡಕ್ಕೆ ನಿಂತವಳ ಮೇಲೆ. ಗಿರಿಜೆ ಮತ್ತೆ ಬಗ್ಗಿ, ಈ ಸಲ ನಿಧಾನವಾಗಿ, ಕೂಸಿನ ಕಿವಿಗಷ್ಟೇ ಹೆಸರು ಹೇಳಿದಳು. ಗುದ್ದುಗಳೂ ಮೆತ್ತಗೆ ಬಿದ್ದವು. ಅವಳ ಕಣ್ಣು ಒದ್ದೆಯಾಗಿತ್ತು.

"ಧನ್ಯಾ. ಚೊಲೋ ಐತಿ" ಎಂದರು ಅತ್ತೆಯವರು. "ಯಾರ ಹುಡುಕಿದ್ದವಾ?"

"ನಿಮ್ಮ ಅಳಿಯಾರ."

ಅತ್ತೆಯವರು ಬಂದು ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿದರು. ಇಲ್ಲಿಯಾದರೂ ಸತ್ಯ ಹೇಳಬೇಕೆನ್ನಿಸಿ, "ಹಂಗಲ್ರಿ, ಅದರ ಮೂಲ ಯುರೋಪಿನ ಒಂದು ನದಿ..." ಎಂದು ಶುರು ಮಾಡಿದೆ.

"ಅವ್ವಾ, ತುಪ್ಪಾ ಹಾಕು ಅವರಿಗೆ" ಎಂದಳು ಗಿರಿಜೆ. "ಓಡಿ ಬಂದು ಬಾಯಿ ಒಣಗೈತಿ."

ತುಪ್ಪ ತಿನ್ನುತ್ತ ಯೋಚಿಸಿದೆ. ವಿರೂಪಾಕ್ಷಪ್ಪನವರು ಹೇಳಿದ್ದು ಸುಳ್ಳಲ್ಲ. ಕನ್ನಡದ ಮನೆಯಲ್ಲಿ ಸಂಸ್ಕೃತದ ಪದ ಹೇಗೋ, ಹೆಂಡತಿಯ ತವರಿನಲ್ಲಿ ಅಳಿಯ ಹಾಗೆ. ರಕ್ತದವನಲ್ಲ, ಆದರೂ ಮೊದಲ ಎಲೆ ಅವನಿಗೇ. ಮಾತು ಮಾತ್ರ ಮನೆಯವರದೇ ನಡೆಯುತ್ತದೆ. ಮದುವೆಯಾದ ಹೊಸದರಲ್ಲಿ ನಾನು ತತ್ಸಮನಾಗಿದ್ದೆ, ಇದ್ದ ಹಾಗೆಯೇ ಉಚ್ಚರಿಸುತ್ತಿದ್ದರು. ಬರಬರುತ್ತ ಗಿರಿಜೆಯ ಬಾಯಲ್ಲಿ ಸವೆದು ತದ್ಭವನಾಗಿದ್ದೇನೆ.

ಆದರೂ ನನ್ನ ಹಟ ಪೂರ್ತಿ ಸೋತಿತೆನ್ನಲಾರೆ. ಗಂಡನ ಹೆಸರು ಹೇಳಬಾರದೆಂದು ಗಿರಿಜೆ ಇಷ್ಟು ವರ್ಷ ನನ್ನನ್ನು "ಏನ್ರಿ" ಎಂದಷ್ಟೇ ಕರೆಯುತ್ತಿದ್ದಳು. ಮೇಡ್ಲೇರಿಯಿಂದ ಬಂದ ಮರುದಿನ ನಾನು ಕಿವಿಗೆ ಉಪನ್ಯಾಸ ಸಿಕ್ಕಿಸಿಕೊಂಡು ಅಂಗಳದಲ್ಲಿ ಕೂತಿದ್ದೆ. ಒಳಗಿನಿಂದ ಅವಳು ಎರಡು ಸಲ "ಏನ್ರಿ" ಎಂದಿರಬೇಕು, ಕೇಳಿಸಲಿಲ್ಲ. ಮೂರನೆಯ ಸಲ ಮಾತ್ರ ಸ್ಪಷ್ಟವಾಗಿ ಕೇಳಿಸಿತು.

"ದನು! ಚಾ ಆರತೈತಿ, ಬರ್ರಿ."

ಎದ್ದು ಹೋದೆ.