ಹತ್ತು ಸಂದರ್ಶನ, ಒಂದೇ ದನಿ

ಕಾದ ಕಬ್ಬಿಣವನ್ನು ಹಿಡಿದೇನು, ನನ್ನ ನಾಲಿಗೆಯನ್ನು ಹಿಡಿಯಲಾರೆ. ಇದನ್ನು ಹೆಂಡತಿ ಚಟವೆನ್ನುತ್ತಾಳೆ, ನಾನು ಅನುಭವವೆನ್ನುತ್ತೇನೆ. ಆರನೆಯ ತರಗತಿಗೇ ಶಾಲೆ ಬಿಟ್ಟವನು ನಾನು. ಸಿಂಧನೂರಿನಲ್ಲಿ ಸ್ವಂತ ವೆಲ್ಡಿಂಗ್ ಅಂಗಡಿ ಇಟ್ಟು, ಕೆಸರುಗದ್ದೆಗೆ ಇಳಿಯುವ ಟ್ರ್ಯಾಕ್ಟರಿನ ಕಬ್ಬಿಣದ ಗಾಲಿ ಮಾಡುತ್ತೇನೆ. ನನ್ನ ಗಾಲಿ ಹೂತುಹೋಯಿತೆಂದು ಇದುವರೆಗೆ ಯಾವ ರೈತನೂ ಬಂದಿಲ್ಲ. ಬಂದ ಒಬ್ಬನಿಗೂ ಅದು ಗದ್ದೆಯ ತಪ್ಪೆಂದು ತಿಳಿಸಿ ಹೇಳಿ ಕಳಿಸಿದ್ದೇನೆ.

ಮಗಳು ಅಂಬಿಕಾ ಮೂರು ವರ್ಷದ ಡಿಗ್ರಿ ಮುಗಿಸಿ, ನಾಲ್ಕನೆಯ ವರ್ಷ ಆನರ್ಸ್ ಓದುತ್ತೇನೆ ಎಂದಳು. ಅಂಗಡಿಯ ಮುಂದೆ ಚಹಾ ಕುಡಿಯುವವರದ್ದು ಒಂದೇ ಪ್ರಶ್ನೆ: “ಮಗಳು ಫೇಲಾದ್ಳೇನೋ ಬಸಣ್ಣ? ಮೂರು ವರ್ಷದ್ದು ನಾಕ್ ವರ್ಷಕ್ಕ ಹೊಂಟೈತಲ್ಲ?”

“ಲೇ, ಪಾಸಾದೋರಿಗೆ ಮಾತ್ರ ಕೊಡೋ ವರ್ಷ ಅದು. ವೆಲ್ಡಿಂಗ್ ಆದಮ್ಯಾಲ ತಿಕ್ಕಿ ನುಣುಪು ಮಾಡಂಗಿಲ್ಲೇನು? ಹಂಗ” ಎಂದೆ. ನನಗೂ ಅಷ್ಟೇ ಗೊತ್ತಿದ್ದುದು. ಆದರೆ ಊರಿನ ಬಾಯಿಂದ ‘ಫೇಲ್’ ಎಂಬ ಮಾತು ಹೋಗಬೇಕಾದರೆ ಈ ವರ್ಷ ದಡ ಸೇರಲೇಬೇಕೆಂದು ಅವತ್ತೇ ಪಣತೊಟ್ಟೆ.

ಆ ವರ್ಷಕ್ಕೆ ಒಂದು ದೊಡ್ಡ ಪ್ರಬಂಧ ಬರೆಯಬೇಕಂತೆ. ಕಾಲುವೆ ನೀರು ಬಂದ ಮೇಲೆ ನಮ್ಮ ಕಡೆಯ ಕೈಕಸುಬಿನವರ ಬದುಕು ಏನಾಯಿತು ಎಂಬುದು ಅವಳ ವಿಷಯ. ಹತ್ತು ಜನರನ್ನು ಮಾತನಾಡಿಸಿ ಫೋನಿನಲ್ಲಿ ರೆಕಾರ್ಡ್ ಮಾಡಬೇಕು. ಇದನ್ನು ಕೇಳಿದ ಮರುದಿನವೇ ನಾನು ಗಡ್ಡ ಹೆರೆಸಿ, ಇಸ್ತ್ರಿ ಅಂಗಿ ತೊಟ್ಟು ಕುರ್ಚಿಯಲ್ಲಿ ಕುಳಿತೆ. “ಕೇಳವ್ವ, ಎಲ್ಲಿಂದ ಶುರು ಮಾಡ್ಲಿ?”

“ಮನ್ಯಾಗಿನವ್ರನ್ನ ಕೇಳಂಗಿಲ್ಲಂತ ಯಪ್ಪಾ. ನಮ್ ಮೇಡಂ ಹೇಳ್ಯಾರ.”

ಗಡ್ಡದ ಜೊತೆ ಮಾನವೂ ಹೋಯಿತು. ಆದರೂ ಬೈಕು ನನ್ನದೇ ತಾನೆ? ಬಳಗಾನೂರು, ಸಾಲಗುಂದ, ಮಸ್ಕಿ ಎಂದು ಎಲ್ಲ ಕಡೆ ನಾನೇ ಕರೆದೊಯ್ದೆ. ಅಷ್ಟು ದೂರ ಹೋದವನು ಸುಮ್ಮನೆ ಕೂರಲಾದೀತೇ? ಬಳಗಾನೂರಿನ ಬಡಿಗ ಮೌನೇಶಪ್ಪ “ಮೊದ್ಲು ಕಟ್ಟಿಗಿ ಬಂಡಿ, ನೇಗಿಲ ಮಾಡ್ತಿದ್ದೆವ್ವ…” ಎನ್ನುವಷ್ಟರಲ್ಲಿ ಮುಂದಿನದನ್ನೆಲ್ಲ ನಾನೇ ಹೇಳಿ ಮುಗಿಸಿದೆ. ನಿರಾಶ್ರಿತರಿಗಾಗಿ ಕಟ್ಟಿದ ಆರ್.ಎಚ್. ಕ್ಯಾಂಪಿನಲ್ಲಿ ಮೀನಿನ ಬಲೆ ಹೆಣೆಯುವ ಬಂಗಾಲಿ ಅಜ್ಜಿ ಒಳಮನೆಯ ಕಡೆ ನೋಡುತ್ತ ತನ್ನ ಭಾಷೆಯಲ್ಲಿ ಒಂದು ಮಾತು ಆಡಿದಳು. ಹುಟ್ಟಿದ ನಾಡು ಬಿಟ್ಟದ್ದು, ಹೊಳೆ ದಾಟಿದ್ದು ಎಂದು ಅದನ್ನು ನಾನು ಮಗಳಿಗೆ ಹತ್ತು ಮಾತಿನಲ್ಲಿ ಬಿಡಿಸಿ ಹೇಳಿದೆ. ನನಗೆ ಬಂಗಾಲಿ ಬರುವುದಿಲ್ಲ ಎಂಬುದನ್ನು ಇಲ್ಲಿ ತಿಳಿಸಬೇಕು.

ಮೇಡಂ ಹತ್ತನ್ನೂ ಕೇಳಿದರು. ಅವತ್ತು ಮನೆಗೆ ಬಂದ ಅಂಬಿಕಾ ಹೆಗಲ ಚೀಲ ಕೂಡ ಇಳಿಸಲಿಲ್ಲ. “‘ಹತ್ತು ಮಂದೀನ ಮಾತಾಡ್ಸೀನಿ ಅಂತಿ, ಎಲ್ಲಾ ಊರಾಗೂ ಒಬ್ಬಾತನ ಮಾತಾಡಾಕತ್ತಾನಲ್ಲ, ಯಾರವ್ವಾ ಈತ?’ ಅಂದ್ರು. ಎಲ್ಲಾ ಹೊಸದಾಗಿ ಮಾಡ್ಬೇಕಂತ. ಹದಿನೈದು ದಿನದಾಗ ಕೊಡ್ಲಿಲ್ಲಂದ್ರ ಈ ವರ್ಷ ಹೋದಂಗ.”

“ನಾ ಯಾರಂತ ಹೇಳಿದಿ?”

“ಬೈಕಿನಾತ ಅಂದೆ.”

ಅಡುಗೆಮನೆಯಿಂದ ಹೆಂಡತಿ ಸೇರಿಸಿದಳು: “ಊರೋರು ಫೇಲ್ ಅಂದಾಗ ಕುಣದಾಡಿದ್ರಿ. ಈಗ ನೀವ ನಿಂತು ಫೇಲ್ ಮಾಡ್ಸಾಕತ್ತೀರಿ ನೋಡ್ರಿ.”

ಎರಡನೆಯ ಸುತ್ತು ಹೊರಡುವ ಮುನ್ನ ಅಂಬಿಕಾ ಷರತ್ತು ಹಾಕಿದಳು. ಊರು ಬಂದ ಕೂಡಲೇ ನಾನು ಬಾಯಿ ತುಂಬ ಎಲೆ-ಅಡಿಕೆ ತುಂಬಿಕೊಳ್ಳಬೇಕು. ಅವಳು ರೆಕಾರ್ಡಿಂಗ್ ನಿಲ್ಲಿಸುವವರೆಗೆ ಉಗುಳುವಂತಿಲ್ಲ. ಕ್ಯಾಂಪಿನ ಅಜ್ಜಿ ಈ ಸಲ ನಮಗಿಂತ ಚೊಕ್ಕ ಕನ್ನಡದಲ್ಲಿ ಒಂದು ತಾಸು ಮಾತನಾಡಿದಳು. “ಹೋದ ಸಲ ಯಾಕ ಕನ್ನಡ ಮಾತಾಡ್ಲಿಲ್ಲಬೇ ಅಜ್ಜಿ?” ಎಂದು ಅಂಬಿಕಾ ಕೇಳಿದಳು.

“ಈತ ಎಲ್ಲಿ ಬಿಟ್ಟಾನವ್ವ? ಚಾಕ್ಕ ಸಕ್ರಿ ಕಮ್ಮಿ ಹಾಕಂತ ಸೊಸೀಗಿ ಹೇಳಿದ್ರ, ಈತ ಕಣ್ಣಾಗ ನೀರು ತಂದ!”

ಬಳಗಾನೂರಿನಲ್ಲಿ ಮೌನೇಶಪ್ಪ ನನ್ನ ಕಡೆ ನೋಡದೆ, ನಿಧಾನವಾಗಿ ಹೇಳಿದ: “ಗದ್ದಿ ಆದ್ವು, ಟ್ರ್ಯಾಕ್ಟರ್ ಬಂದ್ವು, ಕಬ್ಬಿಣದ ಗಾಲಿ ಬಂದ್ವು. ಕಟ್ಟಿಗಿ ಕೆತ್ತೋ ನನ್ನ ಬಾಚಿ ಗೂಡಿನಾಗ ಕುಂತುಬಿಡ್ತು. ನನ್ನ ಕಸುಬು ತಿಂದಿದ್ದು ಕಾಲುವಿ ನೀರಲ್ಲವ್ವ, ಈ ವೆಲ್ಡಿಂಗ್‌ನೋರು.”

ಇದಕ್ಕೆ ನನ್ನ ಬಳಿ ಇಪ್ಪತ್ತು ಉತ್ತರಗಳಿದ್ದವು. ಬಾಯಿ ತುಂಬ ರಸವಿತ್ತು. ಮಗಳು ಫೋನು ನಿಲ್ಲಿಸಲಿಲ್ಲ. ಕಡೆಗೆ ನುಂಗಿದೆ, ರಸವನ್ನೂ ಉತ್ತರಗಳನ್ನೂ. ಹೋದ ಸಲ ಇವನು ಬಾಯಿ ತೆರೆದಾಗ ನಾನೇಕೆ ಅಷ್ಟು ಅವಸರಪಟ್ಟು ನಡುವೆ ಬಿದ್ದಿದ್ದೆ ಎಂಬುದು ಅಲ್ಲಿ ಕುಳಿತು ಕೇಳುವಾಗ ತುಸು ಹೊಳೆಯಿತು. ಎಲ್ಲ ಮುಗಿದ ಮೇಲೆ “ಹಾಕ್ಕೋ ಮಾವ” ಎಂದು ಎಲೆ-ಅಡಿಕೆಯ ಚೀಲವನ್ನು ಅವನ ಮುಂದೆ ಹಿಡಿದೆ. ಅವನು ಎಲೆಗೆ ಸುಣ್ಣ ಹಚ್ಚುತ್ತ, “ಇವತ್ತ ನಿನ್ನ ಜೋಡಿ ಮಾತಾಡಿ ಮನಸ್ಸು ಹಗುರಾತು ನೋಡು ಬಸಣ್ಣ” ಎಂದ. ಅವನು ಮಾತನಾಡಿದ ಅಷ್ಟೂ ಹೊತ್ತು ನಾನು ಒಂದು ಮಾತೂ ಆಡಿರಲಿಲ್ಲ.

ಅಂಬಿಕಾ ಪಾಸಾದಳು. ಪ್ರಬಂಧದ ಮೊದಲ ಪುಟದಲ್ಲಿ, ‘ನಮ್ಮ ಅಪ್ಪನಿಗೆ, ಎರಡನೆಯ ಸಲ ಸುಮ್ಮನೆ ಕುಳಿತಿದ್ದಕ್ಕೆ’ ಎಂದು ಅಚ್ಚಾಗಿದೆ. ಅದರದೊಂದು ಪ್ರತಿಯನ್ನು ಅಂಗಡಿಯಲ್ಲೇ ಇಟ್ಟಿದ್ದೇನೆ. ಗಾಲಿ ಮಾಡಿಸಲು ಬಂದವರಿಗೆಲ್ಲ ಆ ಸಾಲು ಓದಿ, ಅದರ ಹಿಂದುಮುಂದು ವಿವರಿಸುತ್ತೇನೆ. ಮುಕ್ಕಾಲು ತಾಸು ಹಿಡಿಯುತ್ತದೆ. ನಡುವೆ ಯಾರೂ ಬಾಯಿ ಹಾಕದಿರಲೆಂದು ಮೊದಲೇ ಅವರಿಗೆ ಎಲೆ-ಅಡಿಕೆ ಕೊಟ್ಟಿರುತ್ತೇನೆ.