ಭೀಮಜ್ಜನ ಬಿದಿರು, ನನ್ನ ಬಿಲ್ಲು

ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವ ಪೈಕಿಯವನು ನಾನು. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತೇನೆ, ದೆವ್ವ ಭೂತ ನಂಬುವುದಿಲ್ಲ. ಆದರೆ ಪುಕ್ಕಟೆ ಎಂಬುದರ ಮೇಲೆ ಅಪಾರ ಭಕ್ತಿ. ಐವತ್ತು ದಾಟಿದ ಮೇಲೆ ನನಗೆ ಬಿಲ್ಲು ಮಾಡುವ ಹುಚ್ಚು ಹಿಡಿಯಿತು. ಬಿದಿರನ್ನು ಸೀಳಿ, ಪಟ್ಟಿಯ ಮೇಲೆ ಪಟ್ಟಿ ಇಟ್ಟು ಅಂಟಿಸಿದರೆ ಎಷ್ಟು ಬಗ್ಗಿಸಿದರೂ ಮುರಿಯದ ಬಿಲ್ಲಾಗುತ್ತದೆ ಎಂದು ಮೊಬೈಲಿನಲ್ಲಿ ಒಬ್ಬಾತ ತೋರಿಸಿದ್ದ. ಜೋರಾಪುರ ಪೇಟೆಯ ಬಿದಿರಿನ ಅಂಗಡಿಗೆ ಹೋಗಿ ಎರಡು ಬಿದಿರು ಕೇಳಿದೆ. ಅಂಗಡಿಯವನು ದನಿ ತಗ್ಗಿಸಿ, "ಯಾರ ತೀರ್ಕೊಂಡಾರ್ರಿ ಸರ?" ಎಂದ. ನಮ್ಮೂರಿನಲ್ಲಿ ಜೋಡಿ ಬಿದಿರು ಒಯ್ಯುವುದು ಚಟ್ಟಕ್ಕೆ. ಈ ವಯಸ್ಸಿನಲ್ಲಿ ಬಿಲ್ಲಿಗೆ ಎಂದು ಹೇಳಲು ನಾಚಿಕೆಯಾಗಿ, ಇನ್ನೂ ಯಾರೂ ಹೋಗಿಲ್ಲ ಎಂದು ತೊದಲಿ ಬರಿಗೈಯಲ್ಲಿ ಬಂದೆ.

ಅದೇ ವಾರ ಇಬ್ರಾಹಿಂಪುರದ ನಮ್ಮ ಓಣಿಯಲ್ಲಿ, ಎದುರು ಮನೆಯ ಭೀಮಜ್ಜ ಬೆಳಗಿನ ಚಹಾ ಕುಡಿದು ಹಾಗೆಯೇ ಒರಗಿಬಿಟ್ಟ. ನಾಡಿ ಹಿಡಿದವರು ತಲೆ ಅಲ್ಲಾಡಿಸಿದರು. ಬಿಜ್ಜರಗಿಯ ನೆಂಟರು ಅಳುತ್ತ ಬಂದರು. ಅವರ ಟೆಂಪೋದಲ್ಲಿ ಎರಡು ಬಿದಿರೂ ಬಂದವು. ಅಜ್ಜನ ಅಳತೆ ತೆಗೆದು ಬಿದಿರಿಗೆ ಗುರುತು ಹಾಕುತ್ತಿದ್ದಂತೆ ಅಜ್ಜ ಎದ್ದು ಕುಳಿತು ಇನ್ನೊಂದು ಕಪ್ ಚಹಾ ಕೇಳಿದ. ಅಳುತ್ತಿದ್ದವರಿಗೆ ಮುಂದೇನು ಮಾಡಬೇಕೆಂದೇ ತಿಳಿಯಲಿಲ್ಲ. ಚಟ್ಟಕ್ಕೆಂದು ತಂದ ಬಿದಿರನ್ನು ಅಂಗಡಿಗೆ ತಿರುಗಿ ಕೊಡುವ ಹಾಗಿಲ್ಲ, ಮನೆಯಲ್ಲಿ ಇಡುವ ಹಾಗೂ ಇಲ್ಲ. ಸುಟ್ಟುಬಿಡಿ ಎಂದರು ಹಿರಿಯರು. ಆ ಕೆಲಸ ನನಗಿರಲಿ ಎಂದು ನಾನು ಭಾರೀ ಪರೋಪಕಾರಿಯಂತೆ ಎರಡನ್ನೂ ಹೊತ್ತು ತಂದೆ. ಹೆಂಡತಿ ಶಾಂತಾ ಬಾಗಿಲಲ್ಲೇ ತಡೆದಳು.

"ಅದನ್ನ ಒಳಗ ತರಬ್ಯಾಡ್ರಿ. ಒಬ್ಬರನ್ನ ಹೊತ್ತೊಯ್ಯಾಕ ಬಂದದ್ದು ಬರಿಗೈಲೆ ಹೋಗಂಗಿಲ್ಲ."

ಬಿದಿರು ಎಂದರೆ ಒಂದು ಜಾತಿಯ ಹುಲ್ಲು ಎಂದು ಅವಳಿಗೆ ಅಲ್ಲಿಯೇ ಪಾಠ ಮಾಡಿದೆ.

ಮೂರು ತಿಂಗಳು ಮಾಳಿಗೆಯ ಮೇಲೆ ಒಣಗಿಸಿದೆ. ಸೀಳಿ, ಗೆಣ್ಣು ಕೆತ್ತಿ, ಅಂಟು ಹಚ್ಚಿ, ಹಳೆಯ ಸೈಕಲ್ ಟ್ಯೂಬ್ ಸುತ್ತಿ ಬಿಗಿದೆ. ಬಿಲ್ಲು ಹಿಡಿಯುವವನ ಎತ್ತರಕ್ಕೆ ಇರಬೇಕಂತೆ. ಶಾಂತಾ ಟೇಪು ಹಿಡಿಯಲು ಒಪ್ಪಲಿಲ್ಲ. ಅವಳು ಸಂತೆಗೆ ಹೋದಾಗ ನಾನೇ ಒಳಕೋಣೆಯ ನೆಲದ ಮೇಲೆ ಅಂಗಾತ ಮಲಗಿ, ತಲೆಗೂ ಕಾಲಿಗೂ ಸೀಮೆಸುಣ್ಣದ ಗೆರೆ ಎಳೆದುಕೊಂಡೆ. ಉಳಿದ ಪಟ್ಟಿಗಳನ್ನು ಜೋಡಿಸಿ ಅಂಟಿಸಿ, ದುಂಡಗೆ ಹೆರೆದು ಐದು ಬಾಣ ಮಾಡಿದೆ.

ಒಂದು ಮಧ್ಯಾಹ್ನ ಮಾಳಿಗೆಯ ಮೇಲೆ ನಿಂತು ಮೊದಲ ಸಲ ಹೆದೆ ಎಳೆದೆ. ಬಿಲ್ಲು ಕಿರ್ ಎಂದಿತು. ಎದುರು ಮನೆಯಲ್ಲಿ ಭೀಮಜ್ಜ ಕೆಮ್ಮಿದ. ಹೆದೆ ಸಡಿಲಿಸಿದೆ, ಕೆಮ್ಮು ನಿಂತಿತು. ಯಾವುದನ್ನೂ ಮೂರು ಸಲ ಪರೀಕ್ಷಿಸದೆ ಒಪ್ಪಬಾರದು ಎಂದು ಇಪ್ಪತ್ತೈದು ವರ್ಷ ಮಕ್ಕಳಿಗೆ ಹೇಳಿದವನು ನಾನು. ಮತ್ತೆರಡು ಸಲ ಎಳೆದೆ. ಎರಡು ಸಲವೂ ಕೆಮ್ಮಿದ. ಮೂರನೆಯ ಸಲ ಕಿವಿಯವರೆಗೆ ಎಳೆದಾಗಂತೂ ಅವನ ಸೊಸೆ ನೀರು ಹಿಡಿದು ಓಡಿದ ಸಪ್ಪಳ ಕೇಳಿಸಿತು. ಬಿಲ್ಲನ್ನು ಮೆಲ್ಲಗೆ ಕೆಳಗಿಟ್ಟೆ. ಈ ಬಿಲ್ಲು ಮುರಿದರೆ? ಅಜ್ಜನನ್ನು ಕೊಂದವನು ನಾನೇ ಆಗುತ್ತೇನೆ. ಎಂಟು ದಿನ ಅನ್ನ ರುಚಿಸಲಿಲ್ಲ. ನಿಜ ಹೇಳುತ್ತೇನೆ, ತುಂಬಾ ಹೆದರಿದ್ದೆ.

ಕೊನೆಗೆ ಬಿಲ್ಲು ಹಿಡಿದುಕೊಂಡೇ ಹೋಗಿ ಅಜ್ಜನ ಮುಂದೆ ತಪ್ಪೊಪ್ಪಿಕೊಂಡೆ. ಅವನು ನಕ್ಕು, ಕೆಮ್ಮು ಬೀಡಿಯದು, ನಲವತ್ತು ವರ್ಷದ್ದು ಎಂದ. ನನಗೆ ಹೋದ ಜೀವ ಬಂದಂತಾಯಿತು. ಆಮೇಲೆ ಅಜ್ಜ ಬಿಲ್ಲನ್ನು ತನ್ನ ಪಕ್ಕ ನಿಲ್ಲಿಸಿ ನೋಡಿದ. ಅವನ ತಲೆಗಿಂತ ಒಂದು ಗೇಣು ಮೇಲಿತ್ತು. ನನ್ನ ಪಕ್ಕ ನಿಲ್ಲಿಸಿದ. ಸರಿಯಾಗಿ ನೆತ್ತಿಗೆ ಬಂತು. ಅವನ ನಗು ನಿಂತಿತು.

"ನನ್ನ ಅಳತಿಗೆ ತಂದಿದ್ರು, ನಾ ಎದ್ದು ಕುಂತೆ. ನೀ ನೆಲದ ಮ್ಯಾಲ ಮಲ್ಕೊಂಡು ನಿನ್ನ ಅಳತಿಗೆ ಕೊಯ್ಕೊಂಡಿ. ಇನ್ನ ಇದು ನಂದಲ್ಲ ತಮ್ಮಾ."

ನೆಲದ ಮೇಲೆ ಮಲಗಿದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಅಜ್ಜ ಈಗ ಗಟ್ಟಿಮುಟ್ಟಾಗಿದ್ದಾನೆ, ದಿನಾ ರೈಲ್ವೆ ಹಳಿಯವರೆಗೆ ನಡೆದು ಬರುತ್ತಾನೆ. ನಾನು ಬಿಲ್ಲಿಗೆ ಎಣ್ಣೆ ಹಚ್ಚಿ, ಬಿಸಿಲು ತಾಗದಂತೆ ಬಟ್ಟೆ ಸುತ್ತಿ, ಹಸುಗೂಸಿನಂತೆ ಕಾಯುತ್ತಿದ್ದೇನೆ. ನಡುವೆ ಒಂದು ದಿನ ಹೆದೆ ಎಳೆದು ನೋಡಿದೆ. ಅಜ್ಜ ಕೆಮ್ಮಲಿಲ್ಲ, ನಾನು ಕೆಮ್ಮಿದೆ. ಮರುದಿನ ಇನ್ನೊಮ್ಮೆ ಎಳೆದೆ, ಆಗಲೂ ಕೆಮ್ಮಿದೆ. ಒಗ್ಗರಣೆಯ ಘಾಟು ಎಂದು ಶಾಂತಾಳಿಗೆ ಹೇಳಿದೆ. ಅವಳು ಅಂದು ಒಲೆಯನ್ನೇ ಹಚ್ಚಿರಲಿಲ್ಲ. ಶಾಸ್ತ್ರದ ಪ್ರಕಾರ ಇನ್ನೊಂದು ಸಲ ಪರೀಕ್ಷಿಸಬೇಕು. ಆದರೆ ಎರಡು ಸಲ ಸಾಕು ಎಂದು ಈಗ ಮಕ್ಕಳಿಗೂ ಹೇಳುತ್ತಿದ್ದೇನೆ.